ತುಂಡು ಬಟ್ಟೆಯೂ ಭೋಗೋಪಭೋಗ ಪರಿಮಾಣವೂ

ಗೃಹಸ್ಥನು ಅನುಭವಿಸುವ ವಸ್ತುಗಳನ್ನು ಆಚಾರ್ಯ ಸಮಂತಭದ್ರರು ಎರಡು ವಿಧವಾಗಿ ವಿಂಗಡಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಟ್ಟುಬಿಡಬೇಕಾದುದು ಭೋಗ. ಒಮ್ಮೆ ಅನುಭವಿಸಿದ ಮೇಲೂ ಮತ್ತೆ ಅನುಭವಿಸಲು ಬರುವಂಥದು ಉಪಭೋಗ. ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಅವರು ಹೆಸರಿಸುವ ನಿದರ್ಶನಗಳೂ ಎರಡೇ: ಅಶನ ಮತ್ತು ವಸನ. ಉಂಡ ಅನ್ನವನ್ನು ಮತ್ತೆ ಉಣ್ಣಲಾಗದು, ಆದ್ದರಿಂದ ಅದು ಭೋಗ. ಉಟ್ಟ ಬಟ್ಟೆಯನ್ನು ಒಗೆದು ನಾಳೆಯೂ ಉಡಬಹುದು, ಆದ್ದರಿಂದ ಅದು ಉಪಭೋಗ. ಪಾಠಶಾಲೆಯ ಮಗುವಿಗೂ ಒಮ್ಮೆ ಹೇಳಿದರೆ ತಿಳಿಯುವ ವಿಭಾಗವಿದು. ಮತ್ತೆ ಮತ್ತೆ ಬಳಸುವ ವಸ್ತು ಯಾವುದೆಂದು ಕೇಳಿದರೆ ಬಟ್ಟೆಯೆಂದು ಯಾರಾದರೂ ಹೇಳುತ್ತಿದ್ದ ಕಾಲದಲ್ಲಿ ಆಚಾರ್ಯರು ಈ ಮಾತನ್ನು ಬರೆದರು.

ಇಂದು ಯಾವುದೇ ಮನೆಯ ಸ್ನಾನಗೃಹದ ಕಪಾಟನ್ನು ತೆರೆದು ನೋಡಿದರೆ ಆ ನಿದರ್ಶನವೇ ತಲೆಕೆಳಗಾಗಿರುವುದು ಕಾಣುತ್ತದೆ. ಮುಖದ ಬಣ್ಣ ಒರೆಸಲು ಹತ್ತಿಯ ದುಂಡು ಬಿಲ್ಲೆಗಳು, ನೂರರ ಕಟ್ಟು. ಬೆವರು ಒರೆಸಲು ಒದ್ದೆ ಟಿಶ್ಯೂಗಳ ಪೊಟ್ಟಣ. ಕಣ್ಣಿನ ಕಾಡಿಗೆ ತಿದ್ದಲು ಹತ್ತಿ ಸುತ್ತಿದ ಕಡ್ಡಿ. ಇವೆಲ್ಲವೂ ಬಟ್ಟೆಯ ಕುಲಕ್ಕೇ ಸೇರಿದವು, ಆದರೆ ಒಂದೊಂದರ ಆಯುಷ್ಯವೂ ಅರ್ಧ ನಿಮಿಷ. ಆಚಾರ್ಯರು ಉಪಭೋಗದಲ್ಲಿ ಇಟ್ಟಿದ್ದನ್ನು ನಾವು ಸದ್ದಿಲ್ಲದೆ ಭೋಗದ ಸಾಲಿಗೆ ಎತ್ತಿ ಹಾಕಿದ್ದೇವೆ. ಅನ್ನವನ್ನಾದರೂ ಉಂಡು ಮುಗಿಸುತ್ತೇವೆ, ಎಲೆಯಲ್ಲಿ ಬಿಟ್ಟರೆ ಹಿರಿಯರು ಗದರುತ್ತಾರೆ. ಈ ಬಿಲ್ಲೆಗಳನ್ನು ಬಿಸಾಡುವುದಕ್ಕೆ ಯಾರ ಗದರಿಕೆಯೂ ಇಲ್ಲ.

ಹೆಸರುಗಳ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಬಳಸುವ ಪದಗಳು ಉಪಭೋಗ ಮತ್ತು ಪರಿಭೋಗ. ಅದಕ್ಕೆ ಸರ್ವಾರ್ಥಸಿದ್ಧಿಯೆಂಬ ಟೀಕೆಯನ್ನು ಬರೆದ ಪೂಜ್ಯಪಾದರು ಅನ್ನ, ಪಾನ, ಗಂಧ, ಮಾಲೆಗಳನ್ನು ಉಪಭೋಗವೆಂದೂ ವಸ್ತ್ರ, ಅಲಂಕಾರ, ಹಾಸಿಗೆ, ಮನೆ, ವಾಹನಗಳನ್ನು ಪರಿಭೋಗವೆಂದೂ ವಿವರಿಸುತ್ತಾರೆ. ಒಬ್ಬರಲ್ಲಿ ಉಪಭೋಗವೆಂದರೆ ಪುನಃ ಬಳಸುವುದು, ಇನ್ನೊಬ್ಬರಲ್ಲಿ ಒಮ್ಮೆ ಬಳಸುವುದು. ಸ್ವಾಧ್ಯಾಯದಲ್ಲಿ ಹೊಸಬರು ಇಲ್ಲಿ ತಡವರಿಸುವುದುಂಟು. ಹೆಸರು ಬದಲಾದರೂ ವಸ್ತ್ರವೂ ಅಲಂಕಾರವೂ ಎರಡು ಕಡೆಗಳಲ್ಲೂ ಮತ್ತೆ ಮತ್ತೆ ಬಳಸುವ ಸಾಲಿನಲ್ಲೇ ಇವೆ. ಪೂಜ್ಯಪಾದರ ತಪೋಭೂಮಿಯೆಂದು ನಾವು ನಂಬುವ ಮಲೆಯೂರಿನ ಕನಕಗಿರಿ ನಮ್ಮ ಮೈಸೂರಿಗೆ ದೂರವೇನಲ್ಲ. ನಂಜನಗೂಡು ದಾಟಿ ಚಾಮರಾಜನಗರದ ಕಡೆಗೆ ಹೊರಟವರು ಅರ್ಧ ದಿನದಲ್ಲಿ ದರ್ಶನ ಮುಗಿಸಿ ಬರಬಹುದು. ಅದೇ ದಾರಿಯಲ್ಲಿ ಬದನವಾಳು ಸಿಗುತ್ತದೆ. ಖಾದಿಯ ಊರೆಂದು ಹೆಸರಾದ ಆ ಸ್ಥಳದಲ್ಲಿ ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದಾಗ ಕೈನೂಲು, ಕೈಮಗ್ಗಗಳ ಮಾತು ಪತ್ರಿಕೆಗಳಲ್ಲಿ ಕೆಲವು ದಿನ ಕೇಳಿಬಂದಿತ್ತು.

ನಾವು ಶ್ರೀರಾಂಪುರದವರಿಗೆ ಕಸದ ವಿಷಯ ಓದಿ ತಿಳಿಯಬೇಕಾದುದಲ್ಲ. ನಗರದ ಕಸವನ್ನು ಬಹುಕಾಲದಿಂದ ಸುರಿಯುತ್ತ ಬಂದಿರುವ ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ನಮಗೆ ಹತ್ತಿರದ್ದೇ. ಗಾಳಿ ತಿರುಗಿದ ಸಂಜೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಸಾಮಾಯಿಕಕ್ಕೆ ಕುಳಿತವರು ಈ ಭಾಗದಲ್ಲಿ ಅನೇಕರಿದ್ದಾರೆ. ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಕೀರ್ತಿ ಮೈಸೂರಿಗೆ ಬಂತು. ಆ ಕೀರ್ತಿ ಬೆಳಗಿನ ಜಾವ ಬೀದಿ ಗುಡಿಸುವ, ಗಾಡಿ ತಳ್ಳುವ ಪೌರಕಾರ್ಮಿಕರಿಗೆ ಸಲ್ಲಬೇಕು. ಊರು ಸ್ವಚ್ಛವಾಗಿದೆಯೆಂದರೆ ಕಸ ಇಲ್ಲವಾಯಿತೆಂದಲ್ಲ, ನಮ್ಮ ಕಣ್ಣಿನಿಂದ ದೂರವಾಯಿತೆಂದಷ್ಟೇ. ಮುಖ ಒರೆಸಿದ ಟಿಶ್ಯೂ ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸುತ್ತವೆ. ನಾವು ಹಾಗೆ ಮಾಡದೆ ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿದರೆ, ಆ ಚೀಲವನ್ನು ಬಿಚ್ಚಿ ಬೆರಳಿನಿಂದ ಹೆಕ್ಕುವವರು ಮತ್ತೊಬ್ಬ ಮನುಷ್ಯರು. ಬೀದಿಯ ಮೂಲೆಯಲ್ಲಿ ಇಟ್ಟರೆ ಹಸುವಿನ ಹೊಟ್ಟೆಗೆ. ಅಹಿಂಸೆಯ ಮಾತನ್ನಾಡುವವರು ಈ ಎರಡನ್ನೂ ಕಾಣದವರಂತೆ ಇರಲು ಬರುವುದಿಲ್ಲ.

ಒದ್ದೆ ಟಿಶ್ಯೂವನ್ನು ಅನೇಕರು ಕಾಗದವೆಂದೇ ತಿಳಿದಿದ್ದಾರೆ. ಬಹುಪಾಲು ಟಿಶ್ಯೂಗಳಲ್ಲಿ ಪಾಲಿಯೆಸ್ಟರ್ ಎಳೆಗಳಿರುತ್ತವೆ, ಅಂದರೆ ಅದು ಪ್ಲಾಸ್ಟಿಕ್ಕಿನ ಬಟ್ಟೆ. ಶೌಚಾಲಯಕ್ಕೆ ಹಾಕಿ ನೀರು ಹರಿಸಿದರೆ ಕರಗುವುದಿಲ್ಲ. ಲಂಡನ್ನಿನ ವೈಟ್‌ಚಾಪಲ್ ಪ್ರದೇಶದ ಒಳಚರಂಡಿಯಲ್ಲಿ 2017ರಲ್ಲಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಒಂದು ಮುದ್ದೆ ಸಿಕ್ಕಿತ್ತು. ಅಡುಗೆಯ ಜಿಡ್ಡೂ ಇಂಥ ಒದ್ದೆ ಟಿಶ್ಯೂಗಳೂ ಸೇರಿ ಗಟ್ಟಿಯಾಗಿ ಕಲ್ಲಿನಂತಾಗಿದ್ದ ಆ ರಾಶಿಯನ್ನು ಒಡೆದು ತೆಗೆಯಲು ವಾರಗಟ್ಟಲೆ ಬೇಕಾಯಿತು.

ಶುದ್ಧ ಹತ್ತಿಯ ಬಿಲ್ಲೆಯಾದರೆ ದೋಷವಿಲ್ಲವಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಬಿಲ್ಲೆಯ ತೂಕ ಅರ್ಧ ಗ್ರಾಂ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡರಂತೆ ವರ್ಷಕ್ಕೆ 730 ಬಿಲ್ಲೆಗಳು, 365 ಗ್ರಾಂ ಹತ್ತಿ. ಒಂದು ಕಿಲೋಗ್ರಾಂ ಹತ್ತಿಬಟ್ಟೆ ಸಿದ್ಧವಾಗಲು ಹೊಲದಿಂದ ಹಿಡಿದು ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ವ್ಯಯವಾಗುತ್ತದೆ ಎಂಬುದು ತಜ್ಞರ ಅಂದಾಜು. ಬಿಲ್ಲೆಗೆ ನೇಯ್ಗೆಯ ಖರ್ಚಿಲ್ಲವೆಂದು ಒಂದಿಷ್ಟು ಕಳೆದರೂ ಒಬ್ಬರ ಮುಖ ಒರೆಸಲು ವರ್ಷಕ್ಕೆ ಮೂರು ಸಾವಿರ ಲೀಟರ್ ನೀರು. ಅದರ ಜೊತೆಗೆ ಹತ್ತಿಯ ಹೊಲಕ್ಕೆ ಸಿಂಪಡಿಸಿದ ಕೀಟನಾಶಕ. ಆ ಹೊಲದ ಎರಡು, ಮೂರು, ನಾಲ್ಕು ಇಂದ್ರಿಯಗಳ ಜೀವಿಗಳ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಬೆಳೆ ಬೆಳೆಯುವುದರಲ್ಲಿ, ಅಡುಗೆ ಮಾಡುವುದರಲ್ಲಿ ಗೃಹಸ್ಥನಿಗೆ ಹಿಂಸೆ ತಪ್ಪದು. ಅದನ್ನು ಉದ್ಯೋಗೀ ಹಿಂಸೆ, ಆರಂಭೀ ಹಿಂಸೆ ಎಂದು ಗುರುತಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡು, ಉಳಿದುದನ್ನು ಕಡಿಮೆ ಮಾಡುತ್ತ ಬಾ ಎಂದು ಶಾಸ್ತ್ರ ಶ್ರಾವಕನಿಗೆ ಹೇಳುತ್ತದೆ. ಇಲ್ಲಿಯೇ ಅನರ್ಥದಂಡ ವಿರತಿಯೆಂಬ ಗುಣವ್ರತದ ಸ್ಥಾನ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ. ಅದರ ಐದು ಭೇದಗಳಲ್ಲಿ ಒಂದು ಪ್ರಮಾದಚರ್ಯೆ: ವೃಥಾ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು. ಟೈಲರ್ ಅಂಗಡಿಯ ಚಿಂದಿಗಳನ್ನು ರಾತ್ರಿ ಬೀದಿಯ ಪಕ್ಕದಲ್ಲಿ ಗುಡ್ಡೆ ಹಾಕಿ ಸುಡುವುದನ್ನು ಕಂಡವರಿಗೆ ಈ ಪಟ್ಟಿ ಹಳೆಯದೆನಿಸದು. ವ್ರತಕ್ಕೆ ಬರುವ ಅತಿಚಾರಗಳನ್ನು ಹೇಳುವಾಗ ಸಮಂತಭದ್ರರು ಅತಿಪ್ರಸಾಧನ ಎಂಬ ಒಂದು ಮಾತನ್ನು ಬಳಸುತ್ತಾರೆ. ಅಗತ್ಯಕ್ಕಿಂತ ಹೆಚ್ಚಾಗಿ ಭೋಗೋಪಭೋಗದ ಸಾಮಗ್ರಿಗಳನ್ನು ಕೂಡಿಹಾಕುವುದು ಎಂದು ಅದರ ಅರ್ಥ. ಪ್ರಸಾಧನ ಎಂಬ ಪದಕ್ಕೆ ಅಲಂಕಾರವೆಂಬ ಅರ್ಥವೂ ಉಂಟು, ಇಂದಿಗೂ ಸೌಂದರ್ಯದ ಸಾಮಾನುಗಳನ್ನು ನಾವು ಪ್ರಸಾಧನವೆಂದೇ ಕರೆಯುತ್ತೇವೆ. ಸ್ನಾನಗೃಹದ ಕಪಾಟಿಗೆ ಇದಕ್ಕಿಂತ ತಕ್ಕ ಹೆಸರು ನನಗೆ ಹೊಳೆಯುವುದಿಲ್ಲ.

ಹಾಗೆಂದು ಅಲಂಕಾರವೇ ಕೂಡದೆಂಬ ಮಾತನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ಸರಿಯಲ್ಲ. ನಮ್ಮವರಲ್ಲಿ ಕೆಲವರು ಧರ್ಮದ ಹೆಸರಿನಲ್ಲಿ ಹಾಗೆ ಗದರಿಸುವುದನ್ನು ಕೇಳಿದ್ದೇನೆ. ಗದರಿಸುವವರ ಮನೆಯ ಪೆಟ್ಟಿಗೆಯಲ್ಲಿ ಒಡವೆಗೇನೂ ಕಡಿಮೆಯಿರುವುದಿಲ್ಲ. ಆದಿಪುರಾಣದಲ್ಲಿ ವೃಷಭನಾಥರು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯಗಳೊಡನೆ ಶಿಲ್ಪವನ್ನೂ, ಅಂದರೆ ಕೈಕೆಲಸವನ್ನೂ ಪ್ರಜೆಗಳಿಗೆ ಕಲಿಸಿದರು. ಅದೇ ಪುರಾಣದಲ್ಲಿ ನೀಲಾಂಜನೆಯ ಪ್ರಸಂಗ ಬರುತ್ತದೆ. ಸಭೆಯ ನಡುವೆ ನರ್ತಿಸುತ್ತಿದ್ದಾಗಲೇ ಅವಳ ಆಯುಷ್ಯ ತೀರುತ್ತದೆ, ಇಂದ್ರನು ಯಾರಿಗೂ ತಿಳಿಯದಂತೆ ಅಂಥದೇ ಮತ್ತೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ, ವೃಷಭದೇವನೊಬ್ಬನಿಗೆ ಮಾತ್ರ ಅದು ಕಾಣುತ್ತದೆ. ಕ್ರಿ.ಶ. 941ರ ಸುಮಾರಿಗೆ ಪಂಪನು ಈ ಪ್ರಸಂಗವನ್ನು ಕನ್ನಡದಲ್ಲಿ ಬರೆದಾಗ ನೀಲಾಂಜನೆಯ ಸೌಂದರ್ಯವನ್ನು ಅವನು ಹೀಗಳೆಯಲಿಲ್ಲ, ತುಂಬು ಮನಸ್ಸಿನಿಂದಲೇ ವರ್ಣಿಸಿದ. ಒಂದು ಹೋಗಿ ಅಂಥದೇ ಮತ್ತೊಂದು ಬಂದುದನ್ನು ಸಭೆ ಗಮನಿಸಲೇ ಇಲ್ಲವೆಂಬುದು ಅಲ್ಲಿಯ ದುಃಖ. ಕಟ್ಟಿನಿಂದ ಒಂದು ಬಿಲ್ಲೆ ತೆಗೆದು ಬಿಸಾಡಿ ಮತ್ತೊಂದನ್ನು ಎತ್ತಿಕೊಳ್ಳುವಾಗ ನಾವೂ ಆ ಸಭಾಸದರೇ.

ನಮ್ಮ ಮನೆಗಳಲ್ಲಿ ತುಂಡು ಬಟ್ಟೆಗೆ ಗೌರವವಿತ್ತು. ಮೊದಲನೆಯದು ನೀರು ಸೋಸುವ ಬಟ್ಟೆ. ಬಿಸಿಲಿಗೆ ಹಿಡಿದರೆ ಸೂರ್ಯ ನೇರವಾಗಿ ಕಾಣದಷ್ಟು ದಟ್ಟವಾದ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಹಾಕುತ್ತಿದ್ದರು. ಸೋಸಿದ ಮೇಲೆ ಬಟ್ಟೆಯನ್ನು ಹಿಂಡುವಂತಿರಲಿಲ್ಲ. ಅದನ್ನು ಮೆಲ್ಲಗೆ ತಿರುವಿ, ಸೋಸಿದ ನೀರನ್ನೇ ಮೇಲಿನಿಂದ ಹೊಯ್ದು, ಅದರಲ್ಲಿದ್ದ ಸೂಕ್ಷ್ಮ ಜೀವಿಗಳನ್ನು ಅವು ಬಂದ ಬಾವಿಗೇ ಮುಟ್ಟಿಸುತ್ತಿದ್ದರು. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಅವಧಿ. ಆ ಬಳಿಕ ಮತ್ತೆ ಸೋಸಬೇಕು. ಒಂದೇ ಬಟ್ಟೆ ವರ್ಷಾನುಗಟ್ಟಲೆ ಈ ಸೇವೆ ಮಾಡುತ್ತಿತ್ತು, ತೆಳುವಾಯಿತೆಂದು ಕಂಡ ದಿನ ಒಲೆಯ ಬದಿಯ ಕೈಬಟ್ಟೆಯಾಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಕೌದಿ ಹೊಲಿಯುವ ಪದ್ಧತಿ ಇಂದಿಗೂ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳಂತೂ ದೇಶ ವಿದೇಶಗಳಲ್ಲಿ ಪ್ರಸಿದ್ಧವಾಗಿವೆ. ಕೌದಿಯ ನಾಲ್ಕು ಮೂಲೆಗಳಿಗೂ ಬಟ್ಟೆಯ ಚೂರನ್ನು ತ್ರಿಕೋನವಾಗಿ ಮಡಚಿ ಹೂವು ಕಟ್ಟದೆ ಅದು ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಬಡತನದಲ್ಲಿ ಹುಟ್ಟಿದ ಕೆಲಸಕ್ಕೂ ಅಲಂಕಾರ ಬೇಕೆಂಬ ಆ ಹಟ ನನಗೆ ಬಹಳ ಮೆಚ್ಚು. ಗುಳೇದಗುಡ್ಡದ ಕಣದ ತುಂಡುಗಳಿಂದ ಕಿವಿಯ ಓಲೆ, ಜಡೆಯ ಪಟ್ಟಿ, ಕೈಚೀಲಗಳನ್ನು ಮಾಡುವುದು ಈಚಿನ ದಿನಗಳಲ್ಲಿ ಕಾಣುತ್ತಿದೆ. ರವಿಕೆಗೆ ಸಾಲದ ಚೂರಿಗೂ ಒಂದು ದಾರಿಯಾಯಿತು.

ಮನೆಯಲ್ಲಿ ಮಾಡಿಕೊಳ್ಳುವ ಕ್ರಮ ಸರಳವಾದುದು, ಹೊಲಿಗೆ ಯಂತ್ರವೂ ಬೇಕಿಲ್ಲ. ನಮ್ಮ ಬೀದಿಯ ಕೆಲವು ಹೆಣ್ಣುಮಕ್ಕಳು ಬೇಸಿಗೆಯ ರಜೆಯಲ್ಲಿ ಕಲಿತು ಈಗ ತಾವೇ ಮಾಡಿಕೊಳ್ಳುತ್ತಿದ್ದಾರೆ.

ಮೊದಲು ಬಟ್ಟೆಯ ಆಯ್ಕೆ. ಹತ್ತಿಯದಾಗಿರಬೇಕು, ಹಳೆಯದಾದಷ್ಟೂ ಲೇಸು. ಇಪ್ಪತ್ತು ಸಲ ಒಗೆದು ಮೆತ್ತಗಾದ ಪಂಚೆಗೆ ಸಾಟಿಯಾದ ಬಟ್ಟೆ ಅಂಗಡಿಯಲ್ಲಿ ಸಿಗದು. ಟೈಲರ್ ಅಂಗಡಿಯಲ್ಲಿ ರವಿಕೆಗೆ ಒಳಗೆ ಕೊಡುವ ಲೈನಿಂಗ್ ಬಟ್ಟೆಯ ಚೂರುಗಳು ಬೇಕಾದಷ್ಟು ಉಳಿದಿರುತ್ತವೆ, ಕೇಳಿದರೆ ಕೊಡುತ್ತಾರೆ. ಚೂರು ಹತ್ತಿಯದೋ ಪಾಲಿಯೆಸ್ಟರೋ ಎಂದು ತಿಳಿಯಲು ಅನೇಕರು ಎಳೆಯನ್ನು ಸುಟ್ಟು ನೋಡುತ್ತಾರೆ. ಬೆಂಕಿಯ ಅಗತ್ಯವಿಲ್ಲ. ಒಂದು ಹನಿ ನೀರು ಹಾಕಿ. ಹಲವು ಸಲ ಒಗೆದ ಹತ್ತಿ ತಕ್ಷಣ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರಿನ ಮೇಲೆ ಹನಿ ಸ್ವಲ್ಪ ಹೊತ್ತು ನಿಂತು ಜಾರುತ್ತದೆ. ಹೊಸ ಬಟ್ಟೆಗೆ ಗಂಜಿಯಿದ್ದರೆ ಒಮ್ಮೆ ಒಗೆದು ಪರೀಕ್ಷಿಸಬೇಕು. ಪಾಲಿಯೆಸ್ಟರ್ ಬೇಡವೆನ್ನುವುದಕ್ಕೆ ಕಾರಣವಿದೆ. ಪ್ರತಿ ಸಲ ಒಗೆದಾಗಲೂ ಅದರಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗಿಳಿದು ಹಳ್ಳ, ಹೊಳೆ ಸೇರಿ ಮೀನು ಮೊದಲಾದ ಜಲಚರಗಳ ದೇಹ ಸೇರುತ್ತವೆ. ಒಂದು ಹಿಂಸೆಯನ್ನು ತಪ್ಪಿಸಲು ಹೊರಟು ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ಮುಖ ಒರೆಸುವ ಬಿಲ್ಲೆಗೆ 3 ಅಂಗುಲದ ಅಳತೆ ಸಾಕು. ಬಟ್ಟೆಯ ಮೇಲೆ ಲೋಟವನ್ನು ಬೋರಲು ಹಾಕಿ ಸುತ್ತ ಗೆರೆಯೆಳೆದರೆ ವೃತ್ತ ಸಿದ್ಧ. ಒಂದು ಬದಿಗೆ ಹಳೆಯ ಪಂಚೆ ಅಥವಾ ಸೀರೆಯ ಚೂರು, ಇನ್ನೊಂದು ಬದಿಗೆ ಸವೆದ ಟರ್ಕಿ ಟವೆಲಿನ ಚೂರು. ಎರಡನ್ನೂ ಮುಖಕ್ಕೆ ಮುಖ ಸೇರಿಸಿ, ಒಂದು ಅಂಗುಲದ ಬಾಯಿ ಬಿಟ್ಟು ಸುತ್ತ ಹೊಲಿದು, ಒಳಗಿನದನ್ನು ಹೊರಗೆ ತಿರುವಿ, ಬಾಯಿಯನ್ನು ಮುಚ್ಚಿ ಹೊಲಿಯಬೇಕು. ದಾರವೂ ಹತ್ತಿಯದೇ ಇರಲಿ, ಅದರ ಪ್ರಯೋಜನ ಕೊನೆಯಲ್ಲಿ ತಿಳಿಯುತ್ತದೆ. ಜಡೆಗೆ ಹಾಕುವ ಸುಕ್ಕುಪಟ್ಟಿಗೆ, ಮಕ್ಕಳು ಸ್ಕ್ರಂಚಿ ಎನ್ನುವುದಕ್ಕೆ, ಮೂರೂವರೆ ಅಂಗುಲ ಅಗಲ, 20 ಅಂಗುಲ ಉದ್ದದ ಪಟ್ಟಿ ಬೇಕು. ಅಷ್ಟು ಉದ್ದದ ಚೂರಿಲ್ಲದಿದ್ದರೆ ಎರಡು ಮೂರು ಬಣ್ಣಗಳನ್ನು ಜೋಡಿಸಿದರೆ ಇನ್ನೂ ಚೆಂದ. ಉದ್ದಕ್ಕೆ ಮಡಚಿ ಹೊಲಿದು ಕೊಳವೆಯಾಗಿಸಿ, ಪಿನ್ನಿನ ಸಹಾಯದಿಂದ 7 ಅಂಗುಲದ ಇಲಾಸ್ಟಿಕ್ ತೂರಿಸಿ ಗಂಟು ಹಾಕುವುದು. ಎರಡು ಜಡೆ ಹಾಕುವ ಶಾಲೆಯ ಹುಡುಗಿಯರಿಗೆ ಇಲಾಸ್ಟಿಕ್ಕೂ ಬೇಡ, ಅಂಚು ಮಡಚಿ ಹೊಲಿದ ಬಟ್ಟೆಯ ಟೇಪು ಸಾಕು. ಉಳಿದ ಚೂರುಗಳಿಂದ ಬಾಚಣಿಗೆ, ಕಾಡಿಗೆ, ಬಿಂದಿಗಳನ್ನಿಡುವ ಪುಟ್ಟ ಚೀಲ. ಇನ್ನೂ ತೆಳ್ಳನೆಯ ಮಲ್ ಬಟ್ಟೆಯಿದ್ದರೆ ಅದರಲ್ಲಿ ಹೆಸರುಹಿಟ್ಟನ್ನು ಗಂಟು ಕಟ್ಟಿ ಸ್ನಾನಕ್ಕೆ ಉಜ್ಜಿಕೊಳ್ಳಬಹುದು.

ಮೈಸೂರಿನಲ್ಲಿ ಕುಳಿತು ರೇಷ್ಮೆಯ ಮಾತನ್ನೆತ್ತದೆ ಮುಗಿಸುವಂತಿಲ್ಲ. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ 1912ರಿಂದ ಈ ಊರಿನ ಹೆಮ್ಮೆ. ಇಲ್ಲಿಯ ಟೈಲರ್ ಅಂಗಡಿಗಳ ಚಿಂದಿಯಲ್ಲಿ ರೇಷ್ಮೆಯ ಚೂರು ಬೇಕಾದಷ್ಟು ಸಿಗುತ್ತದೆ, ಕೂದಲಿಗೆ ಅದು ನುಣುಪು ಎಂದು ಹುಡುಗಿಯರು ಆಸೆಪಡುತ್ತಾರೆ. ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿ ಕೊಂದೇ ನೂಲು ತೆಗೆಯುವುದರಿಂದ ಒಂದು ಸೀರೆಯ ಹಿಂದೆ ಸಾವಿರಾರು ಜೀವಿಗಳ ಮರಣವಿರುತ್ತದೆ. ಈಗಾಗಲೇ ಕತ್ತರಿಸಿ ಬಿಸಾಡಿದ ಚೂರನ್ನು ಬಳಸಿದರೆ ಹೊಸ ಹಿಂಸೆಯೇನಾಯಿತು ಎಂದು ವಾದಿಸಬಹುದು. ವಾದ ದುರ್ಬಲವಾದುದಲ್ಲ. ಆದರೂ ಕೃತ, ಕಾರಿತಗಳೊಡನೆ ಅನುಮೋದನೆಯನ್ನೂ ಶಾಸ್ತ್ರ ಎಣಿಸುತ್ತದೆ. ಮಗುವಿನ ತಲೆಯ ಮೇಲೆ ಮಿನುಗುವ ರೇಷ್ಮೆಯನ್ನು ಕಂಡು ಎಷ್ಟು ಚೆಂದವಿದೆಯೆಂದು ನಾಲ್ವರು ಹೊಗಳುವಾಗ ಅನುಮೋದನೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಮನೆಯ ಪೆಟ್ಟಿಗೆಯಲ್ಲಿ ಹಳೆಯ ರೇಷ್ಮೆ ಸೀರೆಯಿದ್ದರೆ ಅದನ್ನು ಹರಿದುಹೋಗುವವರೆಗೆ ಉಪಯೋಗಿಸಿ ಮುಗಿಸಲಿ, ಆದರೆ ಚೂರು ಬೇಡಿಕೊಂಡು ಅಂಗಡಿಗೆ ಹೋಗುವುದು ಬೇಡವೆಂಬುದು ನನ್ನ ನಿಲುವು. ಜಿನಪೂಜೆಯ ಸಮಯಕ್ಕಂತೂ ಹತ್ತಿಯೇ ಸರಿ.

ಹೊಲಿಯಲು ಬಂದ ಹುಡುಗಿಯೊಬ್ಬಳು, ಏಳನೆಯ ತರಗತಿಯವಳು, ಸೂಜಿ ಹಿಡಿದುಕೊಂಡೇ ಕೇಳಿದಳು: “ಅಜ್ಜಿ, ದಿನಾ ಒಗೆಯೋಕೂ ನೀರು ಬೇಕಲ್ವಾ? ಆ ನೀರಲ್ಲಿ ಜೀವ ಇರಲ್ವಾ?” ಮೂವತ್ತು ವರ್ಷ ಪಾಠ ಹೇಳಿದವರಿಗೂ ಇಂಥ ಪ್ರಶ್ನೆ ದಿನವೂ ದೊರೆಯುವುದಿಲ್ಲ. ಪ್ರಶ್ನೆ ಸರಿಯಾದುದು. ನೀರೇ ಅಪ್ಕಾಯ ಜೀವವೆಂದು ನಂಬುವವರು ನಾವು. ಒಗೆಯುವುದು ಆರಂಭೀ ಹಿಂಸೆಯೇ. ಆದ್ದರಿಂದಲೇ ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಬೇಕು. ವಾರದ ಬಿಲ್ಲೆಗಳನ್ನೆಲ್ಲ ಒಟ್ಟಿಗೆ ಒಗೆಯಲು ಅರ್ಧ ಬಕೆಟ್, ಸುಮಾರು 7 ಲೀಟರ್ ನೀರು. ವರ್ಷಕ್ಕೆ 364 ಲೀಟರ್. ಮೇಲೆ ಹೇಳಿದ ಮೂರು ಸಾವಿರದ ಎದುರಿಗೆ ಇದು ಎಂಟರಲ್ಲಿ ಒಂದು ಪಾಲು. ಬಟ್ಟೆ ಒಗೆಯುವಾಗ ಇತರ ಬಟ್ಟೆಗಳೊಡನೆ ಸೇರಿಸಿದರೆ ಅದೂ ಬೇಕಿಲ್ಲ. ಕಾವೇರಿ, ಕಬಿನಿಗಳಿಂದ ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ಅಷ್ಟನ್ನು ಉಳಿಸಿದರೂ ಉಳಿಸಿದಂತೆಯೇ.

ಆದರೆ ಅವಳ ಪ್ರಶ್ನೆಯಲ್ಲಿ ಇನ್ನೂ ಒಂದು ವಿಚಾರ ಅಡಗಿದೆ. ಮರುಬಳಕೆ ತನ್ನಷ್ಟಕ್ಕೆ ಅಹಿಂಸೆಯಾಗುವುದಿಲ್ಲ, ಯತ್ನಾಚಾರವಿದ್ದರೆ ಮಾತ್ರ ಆದೀತು. ಬೆವರು, ಎಣ್ಣೆ ಹತ್ತಿದ ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದರಲ್ಲಿ ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆ, ಆ ಬಳಿಕ ಬಿಸಿನೀರು ಹೊಯ್ದು ಒಗೆದರೆ ಅವೆಲ್ಲದರ ನಾಶ. ವೈದ್ಯರ ಭಾಷೆಯಲ್ಲಿ ಹೇಳಿದರೆ ಅದೇ ಬಟ್ಟೆ ಮುಖಕ್ಕೆ ಮೊಡವೆ, ಸೋಂಕು ತರುತ್ತದೆ. ಆದ್ದರಿಂದ ಬಳಸಿದ ಕೂಡಲೇ ಬಿಲ್ಲೆಯನ್ನು ಒಂದು ಚೊಂಬು ನೀರಿನಲ್ಲಿ ಜಾಲಿಸಿ, ಬಿಡಿಸಿ ಹರವಿ ಒಣಗಿಸಬೇಕು, ವಾರಕ್ಕೊಮ್ಮೆ ಸಾಬೂನು ಹಾಕಿ ಒಗೆಯಬೇಕು. ಬಿಸಿಲು ಬಿದ್ದ ಕಡೆ ಪೂರ್ತಿ ಒಣಗದೆ ಡಬ್ಬಿಗೆ ಹಾಕಬಾರದು. ಮಳೆಗಾಲದಲ್ಲಿ ಒಣಗುವುದು ತಡವಾದರೆ ಬಿಲ್ಲೆಯ ಬದಲು ಒಂದೇ ಪದರದ ತೆಳು ಬಟ್ಟೆ ಬಳಸುವುದು ಜಾಣತನ. ಹುಣ್ಣು, ಗಾಯಕ್ಕೆ ಮುಟ್ಟಿಸಿದ್ದನ್ನು ಮತ್ತೆ ಮುಖಕ್ಕೆ ತರಬಾರದು, ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಮುನಿಗಳಿಗೆ ಹೇಳಿದ ಆದಾನ ನಿಕ್ಷೇಪಣ ಸಮಿತಿ, ಅಂದರೆ ಪಿಂಛಿಯಿಂದ ಪ್ರಮಾರ್ಜನ ಮಾಡಿ ನೋಡಿ ಎತ್ತುವುದು, ನೋಡಿ ಇಡುವುದು, ಗೃಹಸ್ಥನಿಗೆ ಪೂರ್ಣವಾಗಿ ಸಾಧ್ಯವಿಲ್ಲದಿದ್ದರೂ ಅದರ ನೆರಳು ಇಂಥ ಸಣ್ಣ ಕೆಲಸಗಳ ಮೇಲೆ ಬೀಳಬಹುದು.

ಇನ್ನು ಎಣಿಕೆಯ ಮಾತು. ವ್ರತದ ಹೆಸರಿನಲ್ಲಿಯೇ ಪರಿಮಾಣವೆಂಬ ಪದವಿದೆ. ಬಟ್ಟೆಯ ಬಿಲ್ಲೆ ಮಾಡುವುದು ಒಂದು ಹವ್ಯಾಸವಾಗಿಬಿಟ್ಟರೆ ಅರುವತ್ತು ಬಿಲ್ಲೆ, ಇಪ್ಪತ್ತು ಜಡೆಪಟ್ಟಿ, ಹತ್ತು ಚೀಲಗಳಾಗುತ್ತವೆ. ಮುಂದೆಂದೋ ಬೇಕಾದೀತೆಂದು ಚಿಂದಿಯ ಗಂಟುಗಳು ಅಟ್ಟ ಸೇರುತ್ತವೆ. ಅಲ್ಲಿ ಜಿರಲೆ, ಗೆದ್ದಲು. ಪರಿಗ್ರಹವೆಂದರೆ ವಸ್ತುವಿನ ಮೇಲಿನ ಮೂರ್ಛೆಯೆಂದು ಉಮಾಸ್ವಾಮಿಗಳು ಹೇಳಿದ್ದಾರಾಗಿ, ಚಿಂದಿಯ ಗಂಟಿನ ಮೇಲೂ ಮೂರ್ಛೆ ಹುಟ್ಟಬಹುದು, ಬಂಗಾರವೇ ಬೇಕೆಂದಿಲ್ಲ. ದಿನಕ್ಕೊಂದರಂತೆ ಏಳು, ಒಣಗದ ದಿನಕ್ಕೆ ಇನ್ನೆರಡು, ಒಟ್ಟು ಒಂಬತ್ತು ಬಿಲ್ಲೆಗಳು ಒಬ್ಬರಿಗೆ ಸಾಕು. ಜಡೆಪಟ್ಟಿ ಎರಡು. ಒಂದು ಹರಿದ ಮೇಲೆ ಮತ್ತೊಂದನ್ನು ಹೊಲಿಯುವುದು.

ಈ ತ್ಯಾಗಕ್ಕೆ ಸಮಂತಭದ್ರರು ಎರಡು ಬಾಗಿಲುಗಳನ್ನು ತೆರೆದಿಟ್ಟಿದ್ದಾರೆ. ಕಾಲ ಗೊತ್ತುಮಾಡಿಕೊಂಡು ಬಿಡುವುದು ನಿಯಮ, ಬದುಕಿರುವವರೆಗೆ ಬಿಡುವುದು ಯಮ. ಯಾವ ಯಾವುದಕ್ಕೆ ನಿಯಮ ಹಾಕಿಕೊಳ್ಳಬಹುದೆಂದು ಅವರು ಪಟ್ಟಿ ಮಾಡುವಾಗ ಭೋಜನ, ವಾಹನ, ಶಯನಗಳ ಜೊತೆಗೆ ಸ್ನಾನ, ಅಂಗರಾಗ, ಹೂವು, ತಾಂಬೂಲ, ವಸ್ತ್ರ, ಆಭರಣಗಳನ್ನೂ ಹೆಸರಿಸುತ್ತಾರೆ. ಸೌಂದರ್ಯದ ಸಾಮಾನು ಧರ್ಮಗ್ರಂಥದ ವಿಷಯವೇ ಎಂದು ಹುಬ್ಬೇರಿಸುವವರು ಈ ಪಟ್ಟಿಯನ್ನು ಓದಬೇಕು. ಅವಧಿಯೂ ನಮ್ಮ ಶಕ್ತಿಗೆ ಬಿಟ್ಟದ್ದು: ಇಂದು ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು. ದಶಲಕ್ಷಣ ಪರ್ವದ ಹತ್ತು ದಿನ ಬಿಸಾಡುವ ಬಿಲ್ಲೆ, ಟಿಶ್ಯೂಗಳನ್ನು ಮುಟ್ಟುವುದಿಲ್ಲವೆಂದು ಹೇಳಿಕೊಂಡ ಕಾಲೇಜು ಹುಡುಗಿಯರು ನಮ್ಮಲ್ಲಿದ್ದಾರೆ. ಹತ್ತು ದಿನ ಕಳೆದ ಮೇಲೆ ಕೆಲವರು ಅಂಗಡಿಗೆ ಹೋದರು, ಕೆಲವರು ಮರೆತರು. ಚಾತುರ್ಮಾಸಕ್ಕೆ ವಿಸ್ತರಿಸಿಕೊಂಡವರೂ ಉಂಟು. ಅದೇ ಗ್ರಂಥದಲ್ಲಿ ಹನ್ನೊಂದನೆಯ ಪ್ರತಿಮೆಗೆ ಏರಿದ ಉತ್ಕೃಷ್ಟ ಶ್ರಾವಕನನ್ನು ಆಚಾರ್ಯರು ಚೇಲಖಂಡಧರನೆಂದು ಕರೆಯುತ್ತಾರೆ, ತುಂಡು ಬಟ್ಟೆಯನ್ನು ಧರಿಸಿದವನು ಎಂದು ಅದರ ಅರ್ಥ. ಕೌಪೀನವನ್ನು ಬಿಟ್ಟರೆ ತಲೆ ಮುಚ್ಚಿದರೆ ಕಾಲು ಮುಚ್ಚದಷ್ಟು ಚಿಕ್ಕ ಖಂಡವಸ್ತ್ರವೊಂದೇ ಕ್ಷುಲ್ಲಕರ ಮೈಮೇಲಿರುವುದು. ಆಹಾರದಾನದ ಸಮಯದಲ್ಲಿ ಅವರೆದುರು ನಿಂತಾಗ ನಮ್ಮ ಕಪಾಟುಗಳು ನೆನಪಾದರೆ ತಪ್ಪಿಲ್ಲ.

ಕೊನೆಗೆ ಬಿಲ್ಲೆಯೂ ಸವೆಯುತ್ತದೆ. ಒಂದೂವರೆ ಎರಡು ವರ್ಷಕ್ಕೆ ಅಂಚು ಬಿಚ್ಚಿ ನಡುವೆ ಜಾಳಾಗುತ್ತದೆ. ಸಮಿತಿಗಳಲ್ಲಿ ಐದನೆಯದು ಉತ್ಸರ್ಗ ಅಥವಾ ಪ್ರತಿಷ್ಠಾಪನ ಸಮಿತಿ: ಬಿಡಬೇಕಾದುದನ್ನು ಜೀವಿಗಳಿಲ್ಲದ ಜಾಗವನ್ನು ನೋಡಿ ಬಿಡುವುದು. ಹತ್ತಿಯ ದಾರದಿಂದ ಹೊಲಿದಿದ್ದರೆ ಈಗ ಅದರ ಪ್ರಯೋಜನ. ಬಿಲ್ಲೆಯನ್ನು ಸಾಬೂನಿಲ್ಲದೆ ಒಮ್ಮೆ ಜಾಲಿಸಿ, ಒಣಗಿಸಿ, ಕತ್ತರಿಯಿಂದ ಸಣ್ಣಗೆ ಚೂರು ಮಾಡಿ ಒಣಗಿದ ಎಲೆಗಳ ಗೊಬ್ಬರದ ಕುಂಡಕ್ಕೆ ಸೇರಿಸಬಹುದು. ಮೊದಲು ಕುಂಡದ ಮೇಲ್ಪದರವನ್ನು ನೋಡಿ ಇರುವೆ ಸಾಲಿದ್ದರೆ ಬೇರೆ ಕುಂಡ. ಟರ್ಕಿ ಟವೆಲಿನ ಬದಿ ಕರಗಲು ಹೆಚ್ಚು ಕಾಲ ಬೇಕು. ಟವೆಲಿನಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ ಎಳೆಗಳು ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತವೆ, ಅವನ್ನು ಆರಿಸಿ ತೆಗೆಯಬೇಕು. ಜಡೆಪಟ್ಟಿಯನ್ನು ಬಿಚ್ಚಿ ಬಟ್ಟೆಯನ್ನು ಕುಂಡಕ್ಕೂ, ಇಲಾಸ್ಟಿಕ್ ಇನ್ನೂ ಜಗ್ಗುವಂತಿದ್ದರೆ ಹೊಸ ಪಟ್ಟಿಗೂ, ಜಗ್ಗದಿದ್ದರೆ ಒಣ ಕಸದ ಚೀಲಕ್ಕೂ ಹಾಕಿ, ಗಾಡಿ ಬರುವ ದಿನ ಕೈಗೆ ಕೊಡುವುದು.